ಸುಣ್ಣಕಲ್ಲಿನ ಸೀಮೆಯಲ್ಲಿ ಅರ್ಥಿಂಗ್: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಮನೆಗಳಲ್ಲಿ ಮಕ್ಕಳ ವಿದ್ಯುತ್ ಸುರಕ್ಷತೆ

ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಕರೆಂಟ್ ಹೊಡೆಯದಂತೆ ಕಾಯುವ ಮಾತು ಬಂದಾಗಲೆಲ್ಲ ಸಾಕೆಟ್ಟಿನ ತೂತು, ಅದಕ್ಕೊಂದು ಮುಚ್ಚಳ, ತಾಯಿಯ ನಿಗಾ, ಇಷ್ಟರಲ್ಲೇ ಚರ್ಚೆ ಮುಗಿಯುತ್ತದೆ. ಕಲಬುರಗಿ ಜಿಲ್ಲೆಯ ಈ ಐದು ಊರುಗಳ ಮಟ್ಟಿಗೆ ಚರ್ಚೆ ಇನ್ನೂ ಕೆಳಗಿನಿಂದ, ಮನೆ ನಿಂತಿರುವ ನೆಲದಿಂದಲೇ, ಶುರುವಾಗಬೇಕೆಂಬುದು ಈ ಲೇಖನದ ವಾದ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭೀಮಾ ಶಿಲಾಸಮೂಹದ ಸುಣ್ಣಕಲ್ಲಿನ ಮೇಲೆ ಕುಳಿತಿವೆ. ಚಿಂಚೋಳಿಯತ್ತ ಹೋದಂತೆ ಆ ಕಲ್ಲು ದಖ್ಖನ್ನಿನ ಕಪ್ಪುಶಿಲೆಯ ಅಡಿಗೆ ಸರಿಯುತ್ತದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳಿಗೂ ದೇಶದುದ್ದಕ್ಕೂ ಹೋದ ಪರಸಿ ಹಾಸುಗಲ್ಲಿಗೂ ಈ ಕಲ್ಲೇ ಮೂಲ. ಅದರ ಮೇಲಿನ ಎರೆಮಣ್ಣು ಅನೇಕ ಕಡೆ ತೆಳು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪೈಪಿಗೆ ಗುಂಡಿ ತೋಡುವವನಿಗೆ ಬೇಗನೆ ಬಂಡೆ ಸಿಗುತ್ತದೆ; ಪೈಪು ಅರ್ಧಕ್ಕೇ ನಿಲ್ಲುತ್ತದೆ. ಬಂಡೆ ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ಹಸಿ ಎರೆಮಣ್ಣು ಚೆನ್ನಾಗಿ ಒಯ್ಯುತ್ತದೆ, ಆದರೆ ಬೇಸಿಗೆಯಲ್ಲಿ ಅದು ಒಣಗಿ, ಬಿರುಕು ಬಿಟ್ಟು, ಪೈಪಿನ ಮೈಯಿಂದ ದೂರ ಸರಿಯುತ್ತದೆ. ಹೀಗಾಗಿ ಅರ್ಥಿಂಗ್ ಅತ್ಯಂತ ದುರ್ಬಲವಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಬಿಸಿಲು 40 ಡಿಗ್ರಿ ದಾಟಿ ಮನೆಮನೆಯಲ್ಲಿ ಕೂಲರ್ ತಿರುಗುವುದೂ ಆಗಲೇ.

ತಗಡಿನ ಕೂಲರನ್ನು ನಾನು ಈ ಭಾಗದ ಮಗುವಿಗೆ ಸಾಕೆಟ್ಟಿಗಿಂತ ದೊಡ್ಡ ಅಪಾಯವೆಂದು ಎಣಿಸುತ್ತೇನೆ. ಅದರ ತೊಟ್ಟಿಯಲ್ಲಿ ನೀರು, ನೀರಿನೊಳಗೆ ಪುಟ್ಟ ಪಂಪು, ಸುತ್ತ ಲೋಹದ ಮೈ. ಪಂಪಿನ ನಿರೋಧಕ ಹೊದಿಕೆ ಸವೆದರೆ ಕರೆಂಟ್ ತಗಡಿಗೇ ಬರುತ್ತದೆ. ಕೆಳಗೆ ನೀರು ಚೆಲ್ಲಿದ ಪರಸಿ ನೆಲ, ಅದರ ಮೇಲೆ ಬರಿಗಾಲ ಕೂಸು. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಅರ್ಥಿಂಗಿನ ಪ್ರತಿರೋಧ 50 ಓಮ್ ಇದೆಯೆಂದರೆ, 230 ವೋಲ್ಟಿನಲ್ಲಿ ಸೋರುವ ಪ್ರವಾಹ 4.6 ಆಂಪಿಯರ್. ಪ್ರವಾಹ ಮಿತಿಮೀರಿದಾಗ ಬೀಳುವ 6 ಆಂಪಿಯರಿನ ಎಂಸಿಬಿಗೆ ಅದು ಸಹಜ ಬಳಕೆಯಂತೆ ಕಾಣುತ್ತದೆ, ಎಂಸಿಬಿ ಬೀಳುವುದಿಲ್ಲ. ಕೂಲರಿನ ಮೈಮೇಲೆ ಸುಮಾರು ಪೂರ್ತಿ ವೋಲ್ಟೇಜ್ ಹಾಗೆಯೇ ನಿಂತಿರುತ್ತದೆ. ಒದ್ದೆ ಮೈಯ ಪ್ರತಿರೋಧ 1,000 ಓಮ್ ಎಂದು ಹಿಡಿದರೂ ಮುಟ್ಟಿದ ಮಗುವಿನ ಮೂಲಕ ಹರಿಯುವುದು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರಿನಲ್ಲೇ ದೊಡ್ಡವರ ಕೈ ಹಿಡಿದದ್ದನ್ನು ಬಿಡಲಾರದೆ ಸೆಟೆಯುತ್ತದೆ. ಮಕ್ಕಳಲ್ಲಿ ಆ ಮಿತಿ ಇನ್ನೂ ಕೆಳಗೆ. ಮೂರು ಪಿನ್ನಿನ ಪ್ಲಗ್ ತೆಗೆದು ಎರಡು ಪಿನ್ ಹಾಕಿದ ಮನೆಯಲ್ಲಂತೂ ಆ ದುರ್ಬಲ ಅರ್ಥಿಂಗೂ ಇಲ್ಲ.

ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆ ಆದ್ದರಿಂದ ಅಪಾಯಕಾರಿ. ಅದು ಕಾಯುವುದು ವೈರನ್ನು. ಮನುಷ್ಯನನ್ನು ಕಾಯಲು ಆರ್‌ಸಿಸಿಬಿ ಬೇಕು. ಹೋದ ಕರೆಂಟು ಮರಳಿ ಬಂದಿತೇ ಎಂದು ಅದು ತೂಗಿನೋಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ 0.3 ಸೆಕೆಂಡಿನೊಳಗೆ, ಸೋರಿಕೆ ಹೆಚ್ಚಿದ್ದರೆ ಇನ್ನೂ ಬೇಗ, ಕಡಿದುಹಾಕುತ್ತದೆ. ಅರ್ಥಿಂಗ್ ಸುಮಾರಾಗಿದ್ದರೂ ಅದು ಕೆಲಸ ಮಾಡುತ್ತದೆ. ಬಂಡೆಯ ನೆಲಕ್ಕೆ ಇದಕ್ಕಿಂತ ಹೊಂದುವ ಉಪಕರಣ ನನಗೆ ತಿಳಿದಿಲ್ಲ. ಒಂದು ಮಿತಿಯನ್ನು ಮಾತ್ರ ಒತ್ತಿ ಹೇಳಬೇಕು: ಒಣ ನೆಲದ ಮೇಲೆ ಕೂತ ಮಗು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಆರ್‌ಸಿಸಿಬಿಗೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ, ಪ್ಲಗ್ ಇಲ್ಲದಾಗ ತೂತು ಮುಚ್ಚುವ ಶಟರ್ ಒಳಗೇ ಇರುವ ಸಾಕೆಟ್ ಬೇಕು. ಹೊರಗಿನಿಂದ ಸಿಕ್ಕಿಸುವ ಪ್ಲಾಸ್ಟಿಕ್ ಮುಚ್ಚಳಗಳನ್ನು ಇಂಗ್ಲೆಂಡಿನ ಆರೋಗ್ಯ ಇಲಾಖೆ 2016ರಲ್ಲಿ ತನ್ನ ಸಂಸ್ಥೆಗಳಿಂದ ತೆಗೆಯಲು ಸೂಚಿಸಿತು. ಅವು ಶಟರಿನ ರಕ್ಷಣೆಯನ್ನೇ ಕೆಡಿಸಬಲ್ಲವು ಎಂಬುದು ಕಾರಣ.

ಚಾರ್ಜರಿನ ಮಾತು ಬೇರೆ. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ, ಸ್ವಿಚ್ ಆರಿಸದೆ ಬಿಟ್ಟ ಮೊಬೈಲ್ ಚಾರ್ಜರಿನ ತುದಿ ಬಾಯಿಗಿಟ್ಟುಕೊಂಡು ಎಂಟು ತಿಂಗಳ ಕೂಸು ತೀರಿಕೊಂಡಿತು. ಸರಿಯಾದ ಚಾರ್ಜರಿನ ತುದಿಯಲ್ಲಿರುವುದು ಸುಮಾರು 5 ವೋಲ್ಟ್ ಮಾತ್ರ. ಒಳಗಿನ ಬೇರ್ಪಡಿಕೆ ಕೆಟ್ಟರೆ ಅಥವಾ ಅಗ್ಗದ ಚಾರ್ಜರಿನಲ್ಲಿ ಅದು ಸರಿಯಾಗಿ ಇಲ್ಲದಿದ್ದರೆ ಆ ತುದಿಗೆ ಮನೆಯ ವೋಲ್ಟೇಜೇ ಬರಬಹುದು. ಕರೆಂಟ್ ಇರುವ ವೈರನ್ನು ಕಚ್ಚಿ ತುಟಿಯ ಮೂಲೆ ಸುಟ್ಟ ಮಗು ಉಳಿದರೂ ಪಾಲಕರು ಮೈಮರೆಯುವಂತಿಲ್ಲ: ಒಂದೆರಡು ವಾರಗಳ ಹೊತ್ತಿಗೆ ಗಾಯದ ಹಕ್ಕಳೆ ಕಳಚಿ, ತುಟಿಯ ಅಪಧಮನಿಯಿಂದ ಒಮ್ಮೆಲೆ ರಕ್ತ ಸುರಿಯುವುದುಂಟು.

ಇನ್ನು ನಿಯಮ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಆರ್‌ಸಿಸಿಬಿಯಂಥ ಸೋರಿಕೆ ತಡೆಯುವ ಉಪಕರಣವನ್ನು ಕಡ್ಡಾಯ ಮಾಡಿದೆ, ಆದರೆ ಕಡಿಮೆ ಲೋಡಿನ ಮನೆಗಳನ್ನು ಹೊರಗಿಟ್ಟಿದೆ. ಒಂದೇ ಬಲ್ಬಿನ ಕಾಲದ, ಬಡವರ ಭಾಗ್ಯಜ್ಯೋತಿ ಯೋಜನೆಯ ಮನೆಗೆ ಆ ವಿನಾಯಿತಿ ಒಪ್ಪುವಂಥದ್ದಿರಬಹುದು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲಿನ ಅಂಜಿಕೆಯಿಂದ ದೂರವಿಟ್ಟಿದ್ದ ಕೂಲರ್ ಅಂಥ ಮನೆಗಳಿಗೂ ಕೈಗೆಟುಕುವಂತಾಗಿರಬಹುದು. ಗಣಿಕೂಲಿಯವರ ತಗಡಿನ ಶೆಡ್ಡುಗಳಲ್ಲಿ ಗೋಡೆಯೂ ಲೋಹವೇ. ಉಚಿತ ವಿದ್ಯುತ್ ಕೊಡುವ ಸರ್ಕಾರ ಈ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂ ಮೂಲಕ ಈ ಮನೆಗಳ ಮೀಟರ್ ಪಕ್ಕದಲ್ಲೊಂದು ಆರ್‌ಸಿಸಿಬಿಯನ್ನೂ ಕೂಡಿಸಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತುವುದನ್ನು ಮನೆಯವರಿಗೆ ಕಲಿಸಬೇಕು. ಮಾರ್ಚ್ ಮುಗಿಯುವುದರೊಳಗೆ, ಕೂಲರುಗಳು ಅಟ್ಟದಿಂದ ಇಳಿಯುವ ಮೊದಲೇ, ಈ ಕೆಲಸ ನಡೆಯಬೇಕು.