ಕೊಪ್ಪಳ ಸೀಮೆಯ ಕಲ್ಲುಕೆತ್ತನೆ: ಹಿರೇಬೆಣಕಲ್ಲಿನಿಂದ ಗ್ರಾನೈಟ್ ಗಣಿಯವರೆಗೆ

ಕೊಪ್ಪಳ ಸೀಮೆಯ ಶಿಲ್ಪಚರಿತ್ರೆಯನ್ನು ಮೌರ್ಯ, ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ವಿಜಯನಗರ ಎಂದು ಮಗ್ಗಿ ಒಪ್ಪಿಸುವಂತೆ ಹೇಳುವುದು ನಮ್ಮ ರೂಢಿ. ಆ ಲೆಕ್ಕ ಸುಳ್ಳಲ್ಲ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಗುಡ್ಡ, ಗುಡಿ, ಗಣಿಗಳನ್ನು ಒಂದರ ಹಿಂದೊಂದು ನೋಡಿದರೆ, ಅರಸರಿಗಿಂತ ಕಲ್ಲೇ ಇಲ್ಲಿನ ಕೆತ್ತನೆಯನ್ನು ಹೆಚ್ಚು ಆಳಿದೆ ಎಂದು ನನಗನ್ನಿಸುತ್ತದೆ. ಕೈಗೆ ಯಾವ ಕಲ್ಲು ಸಿಕ್ಕಿತೋ ಚಾಣ ಅದರ ಮಾತನ್ನೇ ಕೇಳಿದೆ.

ಮೊದಲು ಸಿಕ್ಕಿದ್ದು ಕಣಶಿಲೆ, ಅಂದರೆ ಗ್ರಾನೈಟ್. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ಗೋರಿಗಳಿವೆ. ಸುತ್ತಲಿನವರು ಇವನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ಮೂರು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ, ಮುಂದಿನ ಚಪ್ಪಡಿಗೆ ದುಂಡನೆಯ ಕಿಂಡಿ ಕೊರೆದ ಈ ಮನೆಗಳು ಕಬ್ಬಿಣದ ಯುಗದವು. ಇದನ್ನು ಕೆತ್ತನೆ ಎನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ಇಂಥ ಬಿರುಸು ಕಲ್ಲನ್ನು ಪದರ ನೋಡಿ ಹಲಗೆಯಂತೆ ಎಬ್ಬಿಸಿ, ಒಡೆಯದ ಹಾಗೆ ಅದರಲ್ಲಿ ದುಂಡು ಕಿಂಡಿ ತೆಗೆದವರಿಗೆ ಕಲ್ಲಿನ ಸ್ವಭಾವ ತಿಳಿದಿತ್ತು. ಆ ತಿಳಿವಳಿಕೆಯೇ ಕೆತ್ತನೆಯ ಬೇರು. ಗುಡ್ಡದ ಮೇಲಿನ ಕೆರೆ ಕೂಡ ಚಪ್ಪಡಿ ಎಬ್ಬಿಸಿದ ಜಾಗವೇ. ಕಲ್ಲು ಕಿತ್ತ ಕುಳಿಯಲ್ಲಿ ನೀರು ನಿಂತಿತು. 2021ರಲ್ಲಿ ಈ ನೆಲೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಆಮೇಲೆ ಬಂದದ್ದು ಅಕ್ಷರ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡು ಎಂದರೆ ಎರಡು ಬಂಡೆಗಳ ಮೇಲೆ ಚಪ್ಪಟೆ ಬಂಡೆಯೊಂದು ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಕೂತ ಜಾಗ. ಬಂಡೆಯ ಒರಟು ಮೈಮೇಲೆಯೇ ಬ್ರಾಹ್ಮಿ ಅಕ್ಷರ ಕೊರೆದಿದ್ದಾರೆ. ಅದೇ ಬೆಟ್ಟದಲ್ಲಿ ಒಂದು ಜೊತೆ ಪಾದಗಳನ್ನೂ ಕೆತ್ತಲಾಗಿದೆ. ಅವು ‘ವರಾಂಗಚರಿತ’ ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದ್ದೆಂದೂ ಪಕ್ಕದ ಹಳಗನ್ನಡ ಬರಹ ಹೇಳುತ್ತದೆ. ಚಕ್ರವರ್ತಿಯ ಧರ್ಮಲಿಪಿ, ಜೈನ ಕವಿಯ ಪಾದ ಒಂದೇ ಗುಡ್ಡದಲ್ಲಿ! ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡಿನ ಊರುಗಳಲ್ಲಿ ಕೊಪಣವನ್ನು, ಅಂದರೆ ಕೊಪ್ಪಳವನ್ನು, ಎಣಿಸಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಮಾಡಿಸಿದ ಚಾವಯ್ಯನ ಹೆಸರು ಉಳಿದಿದೆ; ಉಳಿ ಹಿಡಿದವನದು ಅಲ್ಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಬರೆದುಕೊಂಡಿದ್ದಾನೆ. ಆ ಭಾಗ್ಯ ಬಹಳ ಮಂದಿಗೆ ಸಿಗಲಿಲ್ಲ.

ಗುಡಿಗಳ ಕಾಲಕ್ಕೆ ಬಂದರೆ ಹಳೆಯ ಯಲಬುರ್ಗಾ ತಾಲೂಕಿನ ಕುಕನೂರು ಮತ್ತು ಇಟಗಿಗಳನ್ನೇ ಹಿಡಿಯಬೇಕು. ಈಗ ಕುಕನೂರೇ ತಾಲೂಕು. ಕುಕನೂರಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲದವು, 9ನೇ ಶತಮಾನದವು. ಇಲ್ಲಿ ಹೊರಗೋಡೆ ಇನ್ನೂ ಸರಳ. ರೂವಾರಿಗಳು ತಮ್ಮ ಜಾಣ್ಮೆಯನ್ನು ಬಾಗಿಲವಾಡಕ್ಕೆ, ಮಕರತೋರಣಕ್ಕೆ ಮೀಸಲಿಟ್ಟಿದ್ದಾರೆ. ಅದೇ ಊರಿನ ಕಲ್ಲೇಶ್ವರ ಗುಡಿ 10ನೇ ಶತಮಾನದ ಕೊನೆಯದು. ರಾಷ್ಟ್ರಕೂಟರ ರೀತಿ ಕಲ್ಯಾಣ ಚಾಲುಕ್ಯರ ರೀತಿಗೆ ಹೊರಳುವುದನ್ನು ನೋಡಬೇಕಾದವರು ಈ ಗುಡಿಯ ಮುಂದೆ ನಿಂತರೆ ಸಾಕು.

ದೊಡ್ಡ ಹೊರಳು ಮಾತ್ರ 11ನೇ ಶತಮಾನದಲ್ಲಿ ಬಂತು, ಅದನ್ನು ತಂದದ್ದು ಬಳಪದ ಕಲ್ಲು. ಬಾದಾಮಿ ಚಾಲುಕ್ಯರು ಮರಳುಗಲ್ಲಿನ ಭಾರಿ ದಿಂಡುಗಳಲ್ಲಿ ಕಟ್ಟುತ್ತಿದ್ದರು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರದಿಂದ ಮುಂದಕ್ಕೆ ಬಳಪದ ಕಲ್ಲಿನ ಸಣ್ಣ ಸಣ್ಣ ತುಂಡುಗಳು ಬಂದವು. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲ ಕಡೆ ಈ ಕಲ್ಲು ಹೇರಳ. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ಹಳತಾದಂತೆ ಗಟ್ಟಿ. ಇಂಥ ಕಲ್ಲನ್ನು ಯಂತ್ರಕ್ಕೆ ಏರಿಸಿ ತಿರುಗಿಸುತ್ತ ಕಡೆಯಬಹುದು. ಕಂಬದ ಮೈಮೇಲೆ ಬಳೆ ತೊಡಿಸಿದಂತೆ ಕಾಣುವ ಆ ಏಣುಗಳು ಹುಟ್ಟಿದ್ದು ಹಾಗೆ.

ಇದರ ತುತ್ತತುದಿ ಇಟಗಿಯ ಮಹಾದೇವ ದೇವಾಲಯ. ಕಲ್ಯಾಣ ಚಾಲುಕ್ಯರ ಅರಸ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇದನ್ನು ಕಟ್ಟಿಸಿದ. ಅಲ್ಲಿಯ ಶಾಸನ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕನ್ನಡ ನಾಡಿನಲ್ಲಿ ಹಳೇಬೀಡು ಬಿಟ್ಟರೆ ಇದೇ ಶ್ರೇಷ್ಠವೆಂದು ಚಾಲುಕ್ಯ ಗುಡಿಗಳನ್ನೆಲ್ಲ ಅಳೆದು ನೋಡಿದ ಹೆನ್ರಿ ಕಸಿನ್ಸ್ ತೀರ್ಮಾನಿಸಿದ್ದರು. ನನಗೆ ಈ ಹೋಲಿಕೆಯೇ ಬೇಡವೆನಿಸುತ್ತದೆ. ಹಳೇಬೀಡಿನಲ್ಲಿ ಗೋಡೆ ಕಥೆ ಹೇಳುತ್ತದೆ. ಇಟಗಿಯಲ್ಲಿ ಗೋಡೆ ಎಣಿಕೆ ಹಾಕುತ್ತದೆ. ಗೋಡೆಯ ಮೇಲಿನ ಕಿರುಶಿಖರಗಳು ಮೇಲಿನ ದೊಡ್ಡ ಶಿಖರವನ್ನೇ ಪುಟ್ಟದಾಗಿ ಹೇಳುತ್ತವೆ. ಮುಂಚಾಚು, ಹಿಂಚಾಚುಗಳು ಬಿಸಿಲಿನ ಜೊತೆ ನೆರಳನ್ನು ಅಳೆಯುತ್ತವೆ. ತೆರೆದ ಮಂಟಪದ ಕಂಬಗಳ ನಯ, ಚಾವಣಿಯ ಭುವನೇಶ್ವರಿಯಲ್ಲಿ ಕೀರ್ತಿಮುಖದಿಂದ ಹೊಮ್ಮಿ ಸುರುಳಿಸುರುಳಿಯಾಗಿ ಹರಿಯುವ ಬಳ್ಳಿ, ಇವನ್ನು ಕಣಶಿಲೆಯಲ್ಲಿ ಮಾಡಲು ಆಗುತ್ತಿರಲಿಲ್ಲ. ಸುತ್ತ 13 ಸಣ್ಣ ಗುಡಿಗಳು. ತಂದೆಯ ಹೆಸರಿನಲ್ಲಿ ಮೂರ್ತಿನಾರಾಯಣ, ತಾಯಿಯ ಹೆಸರಿನಲ್ಲಿ ಚಂದ್ರಲೇಶ್ವರಿ. ದಂಡನಾಯಕನೊಬ್ಬ ಹೆತ್ತವರ ಋಣವನ್ನು ಹೀಗೆ ತೀರಿಸಿದ.

ವಿಜಯನಗರದ ಕಾಲದಲ್ಲಿ ಚಾಣ ಮತ್ತೆ ಕಣಶಿಲೆಗೆ ಮರಳಿತು. ಆನೆಗೊಂದಿಯ ಹುಚ್ಚಪ್ಪಯ್ಯನ ಮಠದಲ್ಲಿ ಹಳೆಯ ಚಾಲುಕ್ಯ ಮಾದರಿಯ ನುಣುಪು ಕರಿಗಲ್ಲ ಕಂಬಗಳಿವೆ. ಅವನ್ನು ನೋಡಿ ಹೊರಗೆ ಬಂದು ಸುತ್ತಲಿನ ಕಣಶಿಲೆಯ ಕಂಬಗಳನ್ನು ನೋಡಿದರೆ ಎರಡು ಕಲ್ಲುಗಳ ಅಂತರ ಪಾಠವಿಲ್ಲದೆ ತಿಳಿಯುತ್ತದೆ. ಕಣಶಿಲೆ ಸೂಕ್ಷ್ಮಕ್ಕೆ ಒಲಿಯದು, ಆದ್ದರಿಂದ ರೂವಾರಿಗಳು ಗಾತ್ರವನ್ನೂ ವೇಗವನ್ನೂ ನಂಬಿದರು; ಕಂಬಕ್ಕೆ ಹಾರುವ ಯಾಳಿ ಕೂರಿಸಿದರು, ಗೋಪುರವನ್ನು ಇಟ್ಟಿಗೆ ಗಾರೆಗೆ ಬಿಟ್ಟರು. ಬಂಡೆಗಳ ಅಂಚಿನಲ್ಲಿ ಸಾಲಾಗಿ ಕಾಣುವ ಬೆಣೆಗುಳಿಗಳು ಆ ದುಡಿಮೆಯ ಗುರುತು. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆ ಹುಟ್ಟಿದ್ದು ಅಲ್ಲಿನ ನಾಯಕರು ಕಟ್ಟಿಸಿದ ಕನಕಾಚಲಪತಿ ಗುಡಿಯ ನೆಲದಲ್ಲಿ. ಆನೆಗೊಂದಿ ಬಳಿಯ ನವವೃಂದಾವನದಲ್ಲಿ 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರ ವೃಂದಾವನವನ್ನು 2019ರ ಜುಲೈನಲ್ಲಿ ನಿಧಿಯಾಸೆಯ ಕಳ್ಳರು ಕೆಡವಿದರು. ಭಕ್ತರು ಸೇರಿ ತಡಮಾಡದೆ ಮತ್ತೆ ನಿಲ್ಲಿಸಿದರು. ಅದು ಮರೆಯಬಾರದ ಗಾಯ, ಮರೆಯಬಾರದ ಕೆಲಸ ಕೂಡ.

ಆಮೇಲಿನ ಶತಮಾನಗಳಲ್ಲಿ ಚಾಣ ಮನೆಗೆ ಬಂತು: ಒಳಕಲ್ಲು, ಬೀಸುವ ಕಲ್ಲು, ರುಬ್ಬುಗುಂಡು, ಊರಮುಂದಿನ ಹನುಮಪ್ಪ. ಮಿಕ್ಸರ್ ಬಂದು ಅದೂ ಹೋಯಿತು.

ಈಗ ಇಳಕಲ್ ಮತ್ತು ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟ್ ಜಗತ್ತಿಗೆಲ್ಲ ಹೋಗುತ್ತದೆ. ವಜ್ರದ ತಂತಿ ಗರಗಸ ಬಂಡೆಯನ್ನು ಬೆಣ್ಣೆಯಂತೆ ಕೊಯ್ಯುತ್ತದೆ. ಭಾರತದ ಕಚ್ಚಾ ಗ್ರಾನೈಟನ್ನು ಬಹಳವಾಗಿ ಕೊಳ್ಳುವ ದೇಶಗಳಲ್ಲಿ ಚೀನಾ ಮುಂದಿದೆ. ಅಲ್ಲಿಯ ಫುಜಿಯಾನ್ ಪ್ರಾಂತದ ಹುಯಿಆನ್ ಕೂಡ ನಮ್ಮ ಹಾಗೆ ಕಣಶಿಲೆಯ ಸೀಮೆ. ಅಲ್ಲಿನ ಕಲ್ಲುಕೆತ್ತನೆಯನ್ನು 2006ರಲ್ಲೇ ಚೀನಾ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಯಿಆನ್‌ನಲ್ಲಿ ಕಲ್ಲಿನ ಜೊತೆ ಕೈಯೂ ಉಳಿಯಿತು. ನಮ್ಮಲ್ಲಿ ಕಲ್ಲು ಲಾರಿ ಏರಿತು. ಕೊಪ್ಪಳದ ಪಕ್ಕದ ಕಿನ್ನಾಳದ ಮರದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಚಿತ್ರಗಾರರ ಮನೆಗಳಲ್ಲಿ ಕಸುಬು ಉಸಿರಾಡುತ್ತಿದೆ. ಎರಡೂವರೆ ಸಾವಿರ ವರ್ಷ ಬಾಳಿದ ಕಲ್ಲಿನ ಕಸುಬಿಗೂ ಅಂಥದೊಂದು ಆಸರೆ ಸಿಗಬೇಕು.

ಸರ್ಕಾರ ಮಾಡುವುದು ಸರ್ಕಾರದ ಪಾಲು. ನಮ್ಮ ಪಾಲಿನದು ಒಂದಿದೆ. ಈ ಸೀಮೆಯ ಅಗಸಿಗಳಲ್ಲಿ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಹಬ್ಬಕ್ಕೆಂದು ಎಣ್ಣೆಬಣ್ಣ ಬಳಿಯುವ ಚಾಳಿ ಬೆಳೆದಿದೆ. ಒಂದೇ ಬಳಿತಕ್ಕೆ ಅಕ್ಷರವೂ ಮುಖವೂ ಮುಚ್ಚಿಹೋಗುತ್ತವೆ. ಈ ವರ್ಷ ನಿಮ್ಮೂರ ಕಲ್ಲನ್ನು ಬರೀ ನೀರಿನಿಂದ ತೊಳೆದು, ಹೂವಿಟ್ಟು, ಹಾಗೆಯೇ ಬಿಡಿ.