ಚರ್ಮದ ಚೀಲ ಆಗ ಯಾಕೆ ಅಗ್ಗವಾಗಿತ್ತು?

ಸಂತೆಯಲ್ಲಿ ಚೀಲ ಕೊಳ್ಳಲು ನಿಂತರೆ ಜೊತೆಗಿದ್ದ ಹಿರಿಯರು ಹೇಳುವುದು ಒಂದೇ ಮಾತು: ‘ಚರ್ಮದ್ದು ತಗೋ, ತಲೆಮಾರು ಬಾಳುತ್ತೆ.’ ಅಂಗಡಿಯವನು ನೈಲಾನ್ ಮುಂದಿಡುತ್ತಾನೆ. ಹಗುರ, ಮಳೆಗೆ ಹೆದರಬೇಕಿಲ್ಲ, ರೇಟೂ ಕಡಿಮೆ. ಇಬ್ಬರ ಮಾತೂ ನಿಜ. ಆದರೆ ನಮ್ಮ ಹಳ್ಳಿಗಳಲ್ಲಿ ಚರ್ಮದ ಸಾಮಾನಿಗೆ ಯಾರೂ ರೊಕ್ಕ ಎಣಿಸಿ ಕೊಡದ ಒಂದು ಕಾಲವೂ ಇತ್ತು. ಅಷ್ಟು ಅಗ್ಗವಾಗಿದ್ದ ಚರ್ಮ ದುಬಾರಿ ಆಗಿದ್ದು ಹೇಗೆ? ಅದನ್ನು ತಿಳಿಯಲು ಮೊದಲು ಊರ ಬಾವಿಯ ಹತ್ತಿರ ಹೋಗಬೇಕು.

ದುಡ್ಡು ಇಡಲು ನಮ್ಮವರು ಚರ್ಮವನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. ಗಂಡಸರ ಸೊಂಟದಲ್ಲಿ ಬಟ್ಟೆಯ ಹಮ್ಮಿಣಿ, ಇಲ್ಲವೇ ಎಲೆ-ಅಡಿಕೆ ಚಂಚಿ. ಹೆಂಗಸರಿಗೆ ಸೆರಗಿನ ಗಂಟು. ನಾಣ್ಯಕ್ಕೆ ಅಷ್ಟು ಸಾಕು. ಸರ್ಕಾರದ ಕಾಗದದ ನೋಟಿಗೆ ಕಾಯ್ದೆ ಬಂದದ್ದು 1861ರಲ್ಲಿ. ನೋಟು ಮಡಚಿಡುವ ಪರ್ಸು, ಆ ಪರ್ಸು ಇಡುವ ಪ್ಯಾಂಟಿನ ಜೇಬು ಹಳ್ಳಿ ತಲುಪಿದ್ದು ಅದಕ್ಕಿಂತ ಎಷ್ಟೋ ತಡವಾಗಿ.

ಊರಿಗೆ ದಿನಾ ಬೇಕಾಗಿದ್ದ ಚರ್ಮದ ಚೀಲ ಕಪಿಲೆ ಬಾವಿಯದು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತಾ ಹೋದಂತೆ ತುಂಬಿದ ಚೀಲ ಮೇಲೆ ಬರುತ್ತಿತ್ತು. ಚೀಲದ ತಳಕ್ಕೆ ಆನೆಯ ಸೊಂಡಿಲಿನಂಥ ಉದ್ದನೆಯ ಬಾಲ. ಬಾವಿಯ ಬಾಯಿಗೆ ಬಂದಾಗ ಆ ಬಾಲ ಬಿಚ್ಚಿಕೊಂಡು ನೀರು ಕಾಲುವೆಗೆ ಸುರಿಯುತ್ತಿತ್ತು. ಇದರ ಜೊತೆಗೆ ನೊಗಕ್ಕೆ ಮಿಣಿ, ಕೈಗೆ ಬಾರುಕೋಲು, ಕಾಲಿಗೆ ಮೆಟ್ಟು, ಕುಲುಮೆಗೆ ತಿದಿ. ಬೇಸಾಯ ನಡೆಯುತ್ತಿದ್ದದ್ದೇ ಚರ್ಮದ ಮೇಲೆ.

ಅದನ್ನು ಮಾಡಿಕೊಡುತ್ತಿದ್ದವರು ಯಾರು? ಸೀಮೆಯಿಂದ ಸೀಮೆಗೆ ಮಾದಿಗರು, ಸಮಗಾರರು, ಡೋಹರರು. ಸತ್ತ ದನವನ್ನು ಹೊತ್ತು ಒಯ್ಯಬೇಕು, ತೊಗಲು ಸುಲಿಯಬೇಕು, ಸುಣ್ಣದ ನೀರಲ್ಲಿ ನೆನೆಸಿ ಕೂದಲು ಹೆರೆಯಬೇಕು. ಆಮೇಲೆ ತಂಗಡಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ದಿನಗಟ್ಟಲೆ ಹದ. ತಂಗಡಿ ಅಂದರೆ ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಬಿಡುತ್ತದಲ್ಲ, ಅದೇ ಗಿಡ. ಸುಣ್ಣ ಕೈ ತಿನ್ನುತ್ತದೆ, ವಾಸನೆ ಮೈಗೆ ಅಂಟುತ್ತದೆ. ಇಷ್ಟಕ್ಕೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಬದಿಯಲ್ಲಿ ಅಳೆದುಕೊಡುವ ಆಯದ ಕಾಳು. ಬೆಳೆ ಕೈಕೊಟ್ಟ ವರ್ಷ ಅದೂ ಕಡಿಮೆ. ಅವರು ಹೊಲಿದ ಚೀಲ ಬಾವಿಗೆ ಇಳಿಯಬಹುದಿತ್ತು, ಅವರು ಇಳಿಯುವಂತಿರಲಿಲ್ಲ. ಚರ್ಮದ ಅಗ್ಗದ ಗುಟ್ಟು ಇಲ್ಲಿದೆ.

ಇದೇ ಬಾವಿ ಚೀಲದ ಮೇಲೆ ಒಂದು ಪ್ರಯೋಗವೂ ನಡೆಯಿತು. ತೊಗಟೆಯಲ್ಲಿ ಹದ ಮಾಡಿದ ಚರ್ಮ ಸದಾ ನೀರಲ್ಲಿದ್ದರೆ ಹದ ಬಿಟ್ಟು ಕೊಳೆಯುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದರೆ ತಡೆಯುತ್ತದೆ. ಅಮೆರಿಕದಲ್ಲಿ 1884ರಲ್ಲಿ ಪೇಟೆಂಟ್ ಆದ ಈ ವಿದ್ಯೆಯನ್ನು 1903ರ ಸುಮಾರಿಗೆ ಮದ್ರಾಸಿನಲ್ಲಿ ಪ್ರಯೋಗಿಸಿದವರು ಆಲ್ಫ್ರೆಡ್ ಚಾಟರ್‌ಟನ್. ಅವರು ಕಣ್ಣಿಟ್ಟಿದ್ದು ರೈತರ ಬಾವಿಯ ಚೀಲದ ಮೇಲೆ. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇವರೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಇವತ್ತು ನಾವು ಹಿಡಿಯುವ ಚರ್ಮದ ಪರ್ಸು, ಬ್ಯಾಗುಗಳಲ್ಲಿ ಹೆಚ್ಚಿನವು ಕ್ರೋಮ್ ಹದದವೇ.

1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದ ಅಂಬೇಡ್ಕರ್, ಅದೇ ಸಮಾವೇಶದಲ್ಲಿ ಸತ್ತ ದನದ ಮಾಂಸ ಬಿಡಿ ಎಂದೂ ಕರೆ ಕೊಟ್ಟರು. ನಮ್ಮಲ್ಲಿ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ ಬಿಟ್ಟಿ ಚಾಕರಿಯ ಪ್ರಶ್ನೆ ಹಳ್ಳಿಗಳಲ್ಲೇ ಎದ್ದಿತು. ಅತ್ತ ಪಂಪ್‌ಸೆಟ್ ಬಂದು ಕಪಿಲೆಯೂ ನಿಂತಿತು. ಕಾಳಿಗೆ ಚರ್ಮ ಸಿಗುವ ಕಾಲ ಮುಗಿಯಿತು.

ಆ ಜಾಗಕ್ಕೆ ಬಂದ ನೈಲಾನ್ ಹುಟ್ಟಿದ್ದು ಚರ್ಮದ ಜೊತೆ ಪೈಪೋಟಿಗಲ್ಲ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ತಂಡ ಅದನ್ನು ತಯಾರಿಸಿದ್ದು 1935ರಲ್ಲಿ. 1938ರಲ್ಲಿ ಹಲ್ಲುಜ್ಜುವ ಬ್ರಶ್ಶಿನ ಕೂದಲಾಯಿತು, 1940ರಲ್ಲಿ ಹೆಂಗಸರ ಕಾಲುಚೀಲವಾಯಿತು. ಎದುರಾಳಿ ರೇಷ್ಮೆ. ಮಹಾಯುದ್ಧದಲ್ಲಿ ಪ್ಯಾರಾಚೂಟ್‌ಗೆ ಹೋಯಿತು. (ಆಗ ನಮ್ಮ ಮೈಸೂರು ರೇಷ್ಮೆಗೂ ಪ್ಯಾರಾಚೂಟಿನ ಬೇಡಿಕೆ ಇತ್ತು.) ಹಳ್ಳಿಯಲ್ಲಿ ಅದು ಮೊದಲು ಕಿತ್ತುಕೊಂಡದ್ದು ಮಿಣಿಯ ಜಾಗವನ್ನು, ಹಗ್ಗವಾಗಿ. ಚೀಲ ಬಂದದ್ದು ಆಮೇಲೆ.

ಪೇಟೆಯಲ್ಲಿ ಹೆಸರುಗಳ ಗೊಂದಲ ಬೇರೆ. ನಾವು ನೈಲಾನ್ ಅನ್ನುವ ಸ್ಕೂಲ್ ಬ್ಯಾಗುಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್. ಗೊಬ್ಬರದ ಚೀಲ ಪಾಲಿಪ್ರೊಪಿಲೀನ್. ‘ಲೆದರ್ ಪರ್ಸು’ ಎಂದು ಕೂಗಿ ಮಾರುವುದರಲ್ಲಿ ಬಹುಪಾಲು ರೆಕ್ಸಿನ್. ರೆಕ್ಸಿನ್ ಅನ್ನುವುದು ಮೂಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಒಂದು ಕಂಪನಿಯ ಹೆಸರು. ಬಟ್ಟೆಗೆ ಲೇಪ ಹಚ್ಚಿ ಚರ್ಮದ ಗೆರೆ ಒತ್ತಿದ ಮಾಲು. ಇದು ಚರ್ಮದಂತೆ ಬಾಳುವುದೂ ಇಲ್ಲ, ನೈಲಾನ್‌ನಂತೆ ದುಡಿಯುವುದೂ ಇಲ್ಲ, ಸಿಪ್ಪೆ ಏಳುತ್ತದೆ. ಕತ್ತರಿಸಿದ ಅಂಚು ನೋಡಿ: ನಾರುನಾರಾಗಿದ್ದರೆ ಚರ್ಮ, ಒಳಗೆ ಬಟ್ಟೆಯ ನೇಯ್ಗೆ ಕಂಡರೆ ರೆಕ್ಸಿನ್. ನಮ್ಮ ಪ್ರಕಾರ ಅತಿ ದುಬಾರಿ ಚೀಲ ಇದೇ, ಯಾಕೆಂದರೆ ಮತ್ತೆ ಮತ್ತೆ ಕೊಳ್ಳಬೇಕು.

ಚರ್ಮ ಸಹಜ, ನೈಲಾನ್ ವಿಷ ಅನ್ನುವ ವಾದವನ್ನು ನಾವು ಒಪ್ಪುವುದಿಲ್ಲ. ನೈಲಾನ್ ಪೆಟ್ರೋಲಿಯಂನಿಂದ ಬರುತ್ತದೆ, ಮಣ್ಣಲ್ಲಿ ಕರಗುವುದಿಲ್ಲ, ಸರಿ. ಆದರೆ ಪಕ್ಕದ ತಮಿಳುನಾಡಿನ ಪಾಲಾರ್ ನದಿ ದಂಡೆಯಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳ ನೀರು ಹೊಲ, ಬಾವಿ ಕೆಡಿಸಿದ್ದಕ್ಕೆ 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ದಿನಾ ಬಸ್ಸು, ಮಳೆ, ಭಾರ ಅಂದರೆ ನೈಲಾನ್ ಸಾಕು. ಬಿಸಿಲಲ್ಲಿ ಒಣಹಾಕಬೇಡಿ, ನೂಲು ಸೋಲುತ್ತದೆ. ಜೇಬಿನ ಪರ್ಸಿಗೆ ಚರ್ಮವೇ ಮೇಲು, ಮಳೆಗಾಲದ ಬೂಷ್ಟು ಒರೆಸುವ ತಾಳ್ಮೆ ಇದ್ದರೆ. ಅದರ ಬೆಲೆ ಜಾಸ್ತಿ ಅನ್ನಿಸಿದರೆ, ಆಯದ ಕಾಲದಲ್ಲಿ ಲೆಕ್ಕಕ್ಕೇ ಬಾರದ ಕೂಲಿ ಈಗ ಒಂದಿಷ್ಟಾದರೂ ಅದರಲ್ಲಿ ಸೇರಿದೆ.

ಒಂದಿಷ್ಟು ಅಂದದ್ದಕ್ಕೆ ಕಾರಣವಿದೆ. ಇಟಲಿಯ ಪ್ರಾಡಾ ಕಂಪನಿ 1984ರಲ್ಲಿ ಕಪ್ಪು ನೈಲಾನ್ ಬ್ಯಾಗು ಮಾಡಿ, ಅಗ್ಗದ ನೂಲನ್ನು ಸಿರಿವಂತರ ಹೆಗಲಿಗೇರಿಸಿತ್ತು. ಅದೇ ಕಂಪನಿ 2025ರ ಜೂನ್‌ನಲ್ಲಿ ಮಿಲಾನ್ ನಗರದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ತೋರಿಸಿತು, ಮೂಲ ಯಾರದೆಂದು ಹೇಳದೆ. ಗದ್ದಲ ಎದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಬಂದದ್ದೆಂದು ಒಪ್ಪಿತು. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 1976ರಲ್ಲಿ ಶುರುವಾದ ನಮ್ಮ ಲಿಡ್‌ಕರ್ ನಿಗಮದ ಮಳಿಗೆಗಳಲ್ಲಿ ಚಪ್ಪಲಿಯೂ ಸಿಗುತ್ತದೆ, ಪರ್ಸೂ ಸಿಗುತ್ತದೆ. ಅಥಣಿ, ನಿಪ್ಪಾಣಿ ಕಡೆ ಮನೆಯ ಪಡಸಾಲೆಯಲ್ಲಿ ಕೂತು ಚಪ್ಪಲಿಯ ಜಡೆ ಹೆಣೆಯುವವರು ಹೆಚ್ಚಾಗಿ ಹೆಂಗಸರು.