ಇಳಿಜಾರಿನಲ್ಲಿ ಎಷ್ಟನೆಯವನು?

ಜೆ.ಪಿ. ನಗರದ ಇಳಿಜಾರಿನಲ್ಲಿ ಸ್ಕೇಟ್‌ಬೋರ್ಡ್ ಬಿಡುವ ಹುಡುಗನೊಬ್ಬ ಕೇಳಿದ: “ದೇಶದಲ್ಲಿ ನಾನು ಎಷ್ಟನೆಯವನು ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ?” ನನಗೆ ಕಂಬಳ ನೆನಪಾಯಿತು.

2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ ಓಡಿದ್ದು 9.58! ಕೇಂದ್ರ ಕ್ರೀಡಾ ಸಚಿವರಿಂದ ಟ್ರಯಲ್ಸ್‌ಗೆ ಆಹ್ವಾನ ಬಂದರೂ ಗೌಡರು ಒಪ್ಪಲಿಲ್ಲ. ಕೋಣಗಳ ಹಿಂದಿನ ಕೆಸರಿನ ಓಟಕ್ಕೆ ಒಣ ಟ್ರ್ಯಾಕಿನ ಗಡಿಯಾರ ಹೊಂದುವುದಿಲ್ಲವೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ಕಂಬಳಕ್ಕೆ ತನ್ನದೇ ಲೆಕ್ಕವಿದೆ: ಜೋಡುಕರೆಯಲ್ಲಿ ಎರಡು ಜೊತೆ ಕೋಣಗಳು ಅಕ್ಕಪಕ್ಕ ಓಡುತ್ತವೆ, ಗೆದ್ದದ್ದು ಮುಂದಕ್ಕೆ. ಕನೆಹಲಗೆಯಲ್ಲಂತೂ ನೋಡುವುದು ವೇಗವನ್ನಲ್ಲ, ನೀರು ಎಷ್ಟೆತ್ತರ ಚಿಮ್ಮಿತೆಂದು.

ಬೆಟ್ಟದ ರಸ್ತೆಯೂ ಹಾಗೇ. ನಂದಿಬೆಟ್ಟದ ತಿರುವು ಬೇರೆ, ಚಾರ್ಮಾಡಿಯದು ಬೇರೆ. ಅದಕ್ಕೇ ಅಂತರರಾಷ್ಟ್ರೀಯ ಡೌನ್‌ಹಿಲ್ ಸ್ಪರ್ಧೆಗಳಲ್ಲಿ ಅರ್ಹತಾ ಸುತ್ತಿಗಷ್ಟೇ ಗಡಿಯಾರ ಹಿಡಿಯುತ್ತಾರೆ. ಆಮೇಲೆ ನಾಲ್ವರು ಒಟ್ಟಿಗೆ ಇಳಿಯುತ್ತಾರೆ, ಇಬ್ಬರು ಮುಂದಿನ ಸುತ್ತಿಗೆ. ಗಳಿಸಿದ ಸ್ಥಾನಕ್ಕೆ ಅಂಕ, ಹಲವು ಬೆಟ್ಟಗಳ ಅಂಕ ಕೂಡಿ ಪಟ್ಟಿ.

ಒಂದೇ ಬೆಟ್ಟದ ಫಲಿತಾಂಶವನ್ನು ರಾಷ್ಟ್ರೀಯ ಎಂದರೆ, ದಿನವೂ ಅಲ್ಲೇ ಜಾರುವವನಿಗೇ ಲಾಭ. ನಾಲ್ಕೈದು ರಾಜ್ಯಗಳಲ್ಲಿ ಒಂದೊಂದು ದಿನ ವಾಹನ ತಡೆದು ಘಾಟಿ ರಸ್ತೆ ಬಿಟ್ಟುಕೊಟ್ಟರೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕೀತು.